ಕಟ್ಟಿದವರೇ ಬಿಚ್ಚಬೇಕು

ನಮ್ಮೂರಿನಲ್ಲಿ ಒಬ್ಬರ ಮೈಗೆ ಇನ್ನೊಬ್ಬರು ಕಟ್ಟಿದ್ದನ್ನು ಕಟ್ಟಿದವರೇ ಬಿಚ್ಚಬೇಕು. ಬೇರೆ ಯಾರು ಎಷ್ಟು ಜಗ್ಗಿದರೂ ಗಂಟು ಸಡಿಲವಾಗುವುದಿಲ್ಲ. ಕತ್ತರಿ ಹಾಕಿದರೆ ಕತ್ತರಿಯೇ ಮೊಂಡಾಗುತ್ತದೆ. ಅದಕ್ಕೇ ಇಲ್ಲಿನ ಮಕ್ಕಳು ಸರಿಯಾಗಿ ಮಾತು ಬರುವ ಮೊದಲೇ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಯುತ್ತಾರೆ. ಕ್ಷೌರದ ಅಂಗಡಿಯವನು ಬಟ್ಟೆಯನ್ನು ಕೈಗೆ ಕೊಟ್ಟು, "ನೀವೇ ಕಟ್ಕೊಳಿ" ಎನ್ನುತ್ತಾನೆ. ಆಸ್ಪತ್ರೆಯ ನರ್ಸಮ್ಮ ಗಾಯಕ್ಕೆ ಪಟ್ಟಿ ಸುತ್ತಿ, ಕೊನೆಯ ಗಂಟನ್ನು ರೋಗಿಯ ಕೈಯಲ್ಲೇ ಹಾಕಿಸುತ್ತಾಳೆ. ಗಂಡ ಸತ್ತರೂ ನಮ್ಮ ಹೆಂಗಸರ ಕೊರಳಿನ ತಾಳಿ ಇಳಿಯುವುದಿಲ್ಲ. ಇಳಿಸಬೇಕೆಂದು ಬಂದ ಪರವೂರಿನ ನೆಂಟರು ತಿಥಿಯ ಊಟ ಮುಗಿಸಿಕೊಂಡು ಸುಮ್ಮನೆ ಹೋಗುತ್ತಾರೆ. ಯಾರಿಗಾದರೂ ಏನನ್ನಾದರೂ ಕಟ್ಟುವ ಮುಂಚೆ, ಬಿಚ್ಚುವುದಕ್ಕೆ ನಾನು ಇರುತ್ತೇನಾ ಎಂದು ಯೋಚಿಸುವ ಜನ ನಾವು.

ಇದು ಕ್ಯಾಪ್ಟನ್ ಚಾವುಂಡರಾಜರಿಗೆ ಗೊತ್ತಿರಲಿಲ್ಲ ಎಂದು ಯಾರೂ ನನಗೆ ಹೇಳಬೇಡಿ. ಅವರು ಇಲ್ಲೇ ಹುಟ್ಟಿದವರು. ಬಸ್‌ಸ್ಟ್ಯಾಂಡಿನ ಹಿಂದಿನ ದೊಡ್ಡ ಮನೆ ಅವರದೇ. ಸಮುದ್ರದಾಚೆಯ ಮಹಾಯುದ್ಧಕ್ಕೆ ಹೋಗಿ, ಎದೆಯ ಮೇಲೆ ಪದಕ ಹಾಕಿಕೊಂಡು ಬಂದವರು. ಬರುವಾಗ ಬಂದರಿನ ಹರಾಜಿನಲ್ಲಿ ಮರದ ಪೆಟ್ಟಿಗೆಗಳನ್ನು ಕೊಂಡು ಎತ್ತಿನಗಾಡಿಗಳ ಮೇಲೆ ಹೇರಿಸಿಕೊಂಡು ಬಂದರು. ಒಳಗೆ ಇದ್ದದ್ದು ಸೋತ ಜರ್ಮನ್ ಕಾಲಾಳುಗಳ ಮೈಯಿಂದ ಇಳಿಸಿದ ಸಾಮಾನು. ನಡುವಿಗೆ ಕಪ್ಪು ಚರ್ಮದ ಬೆಲ್ಟು. ಅದನ್ನು ಹಿಡಿದು ನಿಲ್ಲಿಸುವ, ಬೆನ್ನಿನ ಮೇಲೆ ಒಂದಾಗಿ ಕೂಡುವ ಹೆಗಲಪಟ್ಟಿಗಳು. ಹೊಟ್ಟೆಯ ಎರಡೂ ಪಕ್ಕಕ್ಕೆ ತೋಟಾ ಇಡುವ ಚರ್ಮದ ಚೀಲಗಳು. ಒಂದು ಬಟ್ಟೆಯ ರೊಟ್ಟಿಚೀಲ, ಅದಕ್ಕೆ ನೇತುಬಿದ್ದ ಕಂಬಳಿಹೊದಿಕೆಯ ನೀರಿನ ಬಾಟ್ಲಿ. ವಿಷಗಾಳಿಗೆ ಹಾಕಿಕೊಳ್ಳುವ ಮುಖವಾಡದ ಉದ್ದನೆಯ ತಗಡಿನ ಡಬ್ಬಿ. ಪೃಷ್ಠದ ಮೇಲೆ ಬಡಿಯುವ ಗಿಡ್ಡ ಹಿಡಿಯ ಸಲಿಕೆ. ಮೇಲೆ ಸುತ್ತಿದ ಡೇರೆ ಬಟ್ಟೆ. ಕೆಲವು ಬಾಟ್ಲಿಗಳಲ್ಲಿ ಗುಂಡು ಹೊಕ್ಕ ತೂತುಗಳಿಗೆ ತೇಪೆ ಹಾಕಿತ್ತು. ಕೆಲವು ಚೀಲಗಳ ಮೇಲಿನ ಕಂದು ಕಲೆ ಯಾತರದೆಂದು ಕೇಳುವ ಹಾಗಿರಲಿಲ್ಲ.

ಆಗ ದಿಬ್ಬದಾಚೆಯ ಊರಿಗೂ ನಮಗೂ ದಿಬ್ಬ ಯಾರದು ಎಂಬ ಜಗಳ ಹತ್ತಿತ್ತು. ಅಲ್ಲಿ ಕುರಿ ಮೇಯಿಸುವಷ್ಟು ಹುಲ್ಲೂ ಇಲ್ಲ. ಆದರೂ ಕ್ಯಾಪ್ಟನ್ನರು ಊರಿನ ಪಡೆ ಕಟ್ಟಬೇಕು ಎಂದರು, ಹಿರಿಯರು ತಲೆಯಾಡಿಸಿದರು. ಭಟ್ಟಿಯ ಹುಡುಗರು, ಗಾಣದ ಹುಡುಗರು, ಮಗ್ಗದ ಹುಡುಗರು ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತರು. ನನಗೂ ಸುಣ್ಣದ ಭಟ್ಟಿಯಲ್ಲಿ ಕಲ್ಲು ಹೊರುವ ಮಾಯಿಗಯ್ಯನಿಗೂ ಮದುವೆಯ ಮಾತಾಗಿತ್ತು. ಅವನನ್ನು ನೋಡಲೆಂದೇ ನಾನು ಕಾಂಪೌಂಡಿನ ಗೋಡೆಯ ಮೇಲೆ ಕೂತಿದ್ದೆ.

ಕ್ಯಾಪ್ಟನ್ನರು ಒಬ್ಬೊಬ್ಬರ ಎದುರೂ ನಿಂತು, ತಾವೇ ಸ್ವತಃ ಹೆಗಲಪಟ್ಟಿ ಎಳೆದು, ಬೆಲ್ಟು ಸುತ್ತಿ, ಬಕಲ್ಲು ಸಿಕ್ಕಿಸಿದರು. ಸಾಲಿನ ಮುಂದಿದ್ದ ಗಾಣದ ಗವಿಯಪ್ಪ ಕೈ ಮುಂದೆ ಮಾಡಿ, "ಬುದ್ಧೀ, ಇತ್ಲಾಗಿ ಕೊಡಿ, ನಾನೇ ಹಾಕ್ಕೋತೀನಿ" ಎಂದ. ಕ್ಯಾಪ್ಟನ್ನರು ನಕ್ಕು ಅವನ ಕೈಯನ್ನು ಪಕ್ಕಕ್ಕೆ ಸರಿಸಿದರು. "ನಾನು ಕಟ್ಟಿದ್ರೆ ಗಟ್ಟಿ ಕಣೋ" ಎಂದರು. ಅವರ ಲೆಕ್ಕಾಚಾರ ಆ ನಗುವಿನಲ್ಲೇ ಇತ್ತು. ಬೇರೆ ಊರಿನ ಪಡೆಯಲ್ಲಿ ಹೆದರಿದ ಹುಡುಗ ಸಾಮಾನು ಪೊದೆಗೆ ಎಸೆದು ಮನೆಗೆ ಓಡಬಹುದು. ನಮ್ಮ ಹುಡುಗರು ಓಡಿದರೂ ಸಾಮಾನಿನ ಸಮೇತ ಓಡಬೇಕು, ಎಲ್ಲಿ ಕಂಡರೂ ಸಿಕ್ಕಿಬೀಳಬೇಕು. ಕಬ್ಬಿಣದ ಟೊಪ್ಪಿಗೆಯನ್ನು ಮಾತ್ರ ಅವರವರೇ ಹಾಕಿಕೊಂಡರು. ಅದಕ್ಕೇ ಅದೊಂದು ಮುಂದೆ ತಲೆಯಿಂದ ಇಳಿಯಿತು. ನಮ್ಮ ಮನೆಯಲ್ಲಿ ಅದರಲ್ಲಿ ಕೋಳಿಗಳು ನೀರು ಕುಡಿಯುತ್ತವೆ.

ದಿಬ್ಬದ ಜಗಳ ಬಹಳ ದಿನ ನಡೆಯಲಿಲ್ಲ. ಎರಡೂ ಕಡೆ ಹುಡುಗರು ಸತ್ತರು. ಸತ್ತವರ ಮೈಮೇಲಿನ ಸಾಮಾನು ಬಿಚ್ಚಲು ಕ್ಯಾಪ್ಟನ್ನರು ಬರಲಿಲ್ಲವಾದ್ದರಿಂದ ಅವರನ್ನು ಹಾಗೆಯೇ ಅಲ್ಲೇ ಹೂತರು. ಆಮೇಲೆ ಎರಡು ಊರಿನ ಹಿರಿಯರು ಯಾರದೋ ಮಾವಿನ ತೋಪಿನಲ್ಲಿ ಕೂತು ರಾಜಿಯಾದರು. ಕ್ಯಾಪ್ಟನ್ನರು ಬಂದೂಕುಗಳನ್ನು ಎಣಿಸಿ ವಾಪಸು ಪಡೆದು, "ನಾಳೆ ಬೆಳಿಗ್ಗೆ ಮೈದಾನಕ್ಕೆ ಬನ್ರೋ, ಎಲ್ಲಾರ್ದೂ ಬಿಚ್ತೀನಿ" ಎಂದು ಹೇಳಿ ಮನೆಗೆ ಹೋದರು. ಬೆಳಿಗ್ಗೆ ಹುಡುಗರು ಮೈದಾನದಲ್ಲಿ ಸಾಲು ನಿಂತರು. ಬಿಸಿಲೇರಿತು. ಮಧ್ಯಾಹ್ನವಾಯಿತು. ತಾಯಂದಿರು ಬುತ್ತಿ ತಂದು ನಿಂತಲ್ಲೇ ಉಣ್ಣಿಸಿದರು. ಸಂಜೆಯ ಹೊತ್ತಿಗೆ ದೊಡ್ಡ ಮನೆಯ ಆಳು ಬಂದು, ರಾಜಧಾನಿಯಲ್ಲಿ ದೊಡ್ಡ ಹುದ್ದೆಗೆ ಕರೆ ಬಂದಿದೆಯೆಂದು ಬುದ್ಧಿಯವರು ಮುಂಜಾನೆಯೇ ಕಾರಿನಲ್ಲಿ ಹೊರಟುಹೋದರು ಎಂದ. ಇವರನ್ನು ಬಿಚ್ಚಬೇಕು ಎಂಬುದು ಅವರಿಗೆ ಮರೆತೇ ಹೋಗಿತ್ತು. ಬೇಕೆಂದು ಬಿಟ್ಟುಹೋಗಿದ್ದರೆ ನನ್ನ ಸಿಟ್ಟು ಇಷ್ಟಿರುತ್ತಿರಲಿಲ್ಲವೇನೋ. ಮರೆತರು. ಮನುಷ್ಯರ ಮೈಗೆ ಬೀಗ ಹಾಕಿ, ಕೀಲಿ ಜೇಬಿನಲ್ಲಿದೆ ಎಂಬುದನ್ನೇ ಮರೆತರು.

ಗವಿಯಪ್ಪನೂ ಮಾಯಿಗಯ್ಯನೂ ಅವರನ್ನು ಹುಡುಕಿಕೊಂಡು ರಾಜಧಾನಿಗೆ ಹೋದರು. ಬಂಗಲೆಯ ಗೇಟಿನಲ್ಲಿ ಪೊಲೀಸರು ಇವರ ವೇಷ ನೋಡಿ ಹಿಡಿದು, ಯಾವ ದೇಶದ ಸೈನಿಕರು ಎಂದು ವಿಚಾರಿಸಿದರಂತೆ. ಒಳಗಿನಿಂದ 'ಸಾಹೇಬರಿಗೆ ಇವರ ಗುರುತಿಲ್ಲ' ಎಂದು ಮಾತು ಬಂತು. ಒಂದಷ್ಟು ದಿನ ಲಾಕಪ್ಪಿನಲ್ಲಿದ್ದು, ಏಟು ತಿಂದು ವಾಪಸು ಬಂದರು.

ಮದುವೆ ನಿಲ್ಲಿಸೋಣ ಎಂದು ನನ್ನ ಅಪ್ಪ ಹೇಳಿದ. ನಾನು ಒಪ್ಪಲಿಲ್ಲ. ಧಾರೆಯ ದಿನ ಮಾಯಿಗಯ್ಯ ಹೊಸ ಅಂಗಿಯನ್ನು ಪಕ್ಕಕ್ಕೆ ಸೀಳಿಸಿ, ಪಟ್ಟಿಗಳ ಅಡಿಯಿಂದ ತೂರಿಸಿ ಹಾಕಿಕೊಂಡಿದ್ದ. ತಾಳಿ ಕಟ್ಟಲು ಬಾಗಿದಾಗ ತೋಟಾ ಚೀಲದ ಮೂಲೆ ನನ್ನ ಪಕ್ಕೆಗೆ ಒತ್ತಿತು. ಅಂದಿನಿಂದ ನಾನು ಆ ಸಾಮಾನಿನ ಜೊತೆ ಸಂಸಾರ ಮಾಡಿದೆ. ಅವನು ಅಂಗಾತ ಮಲಗುವ ಹಾಗಿರಲಿಲ್ಲ, ಬೆನ್ನಿಗೆ ಸಲಿಕೆ ಮತ್ತು ಡಬ್ಬಿ. ಮಗ್ಗುಲಾಗಿ, ಗೋಡೆಗೆ ಒರಗಿ, ಕೂತು ನಿದ್ದೆ ಮಾಡಲು ಕಲಿತ. ಮಗಳು ಹುಟ್ಟಿದ ಮೇಲೆ ಅಪ್ಪನ ಬೆನ್ನೇರಿದರೆ ಅವಳಿಗೆ ಸಿಗುತ್ತಿದ್ದದ್ದು ತಗಡು. ನಾವು ಆ ತಗಡಿನ ಡಬ್ಬಿಯನ್ನೂ ಬಳಸಿಕೊಂಡೆವು. ಅದರ ಮುಚ್ಚಳ ತೆರೆಯುತ್ತಿತ್ತು, ಸಂತೆಗೆ ಹೋದರೆ ಮೆಣಸಿನಕಾಯಿ ತುಂಬಿಸಿಕೊಂಡು ಬರುತ್ತಿದ್ದ. ರೊಟ್ಟಿಚೀಲದಲ್ಲಿ ಎಲೆ ಅಡಿಕೆ ಇಡುತ್ತಿದ್ದ. ಭಟ್ಟಿಯಲ್ಲಿ ಅದೆಲ್ಲದರ ಮೇಲೆ ಕಲ್ಲಿನ ಬುಟ್ಟಿ ಹೊರುತ್ತಿದ್ದ. ಸುಣ್ಣದ ಧೂಳು ಪಟ್ಟಿಯ ಅಡಿಗೆ ಸೇರಿ, ಬೆವರಿಗೆ ಬೆಂದು, ಹೆಗಲು ಹುಣ್ಣಾಗುತ್ತಿತ್ತು. ನಾನು ಬಟ್ಟೆಯ ಚೂರನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಪಟ್ಟಿಯ ಅಡಿಗೆ ತೂರಿಸುತ್ತಿದ್ದೆ. ವರ್ಷಗಳು ಹೋದರೂ ಆ ಚರ್ಮ ಸವೆಯಲಿಲ್ಲ. ಹೆಗಲು ಸವೆಯಿತು.

ಬೆಲ್ಟಿನ ಬಕಲ್ಲಿನ ಮೇಲೆ ಹದ್ದಿನ ಚಿತ್ರ, ಅದರ ಸುತ್ತ ಅಕ್ಷರಗಳು. ಕರಾವಳಿಯ ಜರ್ಮನ್ ಮಿಶನ್ನಿನ ಅಚ್ಚುಕೂಟದಲ್ಲಿ ದುಡಿದು ಬಂದಿದ್ದ ಸಾಲೋಮನ್ನರು ಒಮ್ಮೆ ಅದನ್ನು ಓದಿ ಹೇಳಿದರು. "ದೇವರು ನಮ್ಮ ಸಂಗಡ ಇದ್ದಾನೆ ಅಂತ ಬರ್ದದೆ ಕಣಮ್ಮ" ಎಂದರು. ತೋಟಾ ಚೀಲದ ಮುಚ್ಚಳದ ಒಳಮೈಯಲ್ಲಿ ಮಸಿಯಿಂದ ಬರೆದ ಒಬ್ಬ ಜರ್ಮನ್ ಹುಡುಗನ ಹೆಸರೂ ಇತ್ತು. ಅದನ್ನೂ ಓದಿದರು. ಮಾಯಿಗಯ್ಯನಿಗೆ ಅವನ ಮೇಲೆ ಅಸೂಯೆ. "ಅವನು ಬಿಚ್ಕೊಂಡನಲ್ಲ, ಪುಣ್ಯವಂತ" ಎನ್ನುತ್ತಿದ್ದ.

"ಬಿಚ್ಕೊಂಡನೋ, ಹೆಣದಿಂದ ಬಿಚ್ಚಿದ್ರೋ" ಎಂದೆ ನಾನು.

"ಹೆಂಗೋ ಒಂದು, ಇಳೀತಲ್ಲ" ಎಂದ ಅವನು. ಆ ಮಾತಿಗೆ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಲಿ? ಅವನು ಕೂಗಾಡುವ ಜೀವವಲ್ಲ. ಸುಣ್ಣದ ಕಲ್ಲಿನ ಹಾಗೆ ಮೌನವಾಗಿ ಬೇಯುತ್ತಿದ್ದ. ಅವನ ಪಾಲಿನ ಸಿಟ್ಟನ್ನೂ ನಾನೇ ಇಟ್ಟುಕೊಂಡೆ.

ಈ ವರ್ಷ ಪಂಚಾಯಿತಿಯ ಅಧ್ಯಕ್ಷ ರುದ್ರಸ್ವಾಮಿ ಶಾಲೆಯ ಮೈದಾನದಲ್ಲಿ ಒಂದು ಕಲ್ಲು ನೆಡಿಸಿದ. ದಿಬ್ಬದ ವಿಜಯದ ಸ್ಮಾರಕವಂತೆ. ಅನಾವರಣಕ್ಕೆ ಕ್ಯಾಪ್ಟನ್ನರು ಬರುತ್ತಾರೆ ಎಂದು ಡಂಗುರ ಹಾಕಿಸಿದ. ಆ ಸುದ್ದಿ ಕೇಳಿ ನನ್ನ ಗಂಡ ಬೆಲ್ಟಿಗೆ ಎಣ್ಣೆ ಹಚ್ಚಿ ಒರೆಸಿದ. "ಯಾಕೆ?" ಎಂದೆ. "ಗಟ್ಟಿಯಾಗಿದ್ರೆ ಅವರಿಗೆ ಬಿಚ್ಚೋಕೆ ಕಷ್ಟ ಆಗುತ್ತೆ" ಎಂದ. ನಾನು ಅಡುಗೆಮನೆಗೆ ಹೋಗಿ ಹಿಟ್ಟಿನ ಕೋಲನ್ನು ಗೋಡೆಗೆ ಎಸೆದೆ.

ಕ್ಯಾಪ್ಟನ್ನರು ಬಂದರು. ತಲೆ ಪೂರಾ ಬೆಳ್ಳಗಾಗಿತ್ತು. ಎರಡೂ ಕೈಯನ್ನು ಶಾಲಿನ ಒಳಗೆ ಹುದುಗಿಸಿಕೊಂಡು ವೇದಿಕೆಯ ಕುರ್ಚಿಯಲ್ಲಿ ಕೂತರು. ಕಲ್ಲಿನ ಮೇಲಿನ ಬಟ್ಟೆಯನ್ನೂ ರುದ್ರಸ್ವಾಮಿಯೇ ಸರಿಸಿದ. ವೇದಿಕೆಯ ಮುಂದೆ ಉಳಿದ ಗಂಡಸರೆಲ್ಲ ಸಾಲಾಗಿ ನಿಂತಿದ್ದರು, ಅದೇ ಬೆಲ್ಟು, ಅದೇ ಚೀಲ, ಅದೇ ಸಲಿಕೆ. ಹೊಟ್ಟೆ ಬಂದವರ ನಡು ಬೆಲ್ಟಿನಲ್ಲಿ ಎರಡು ತುಂಡಾದಂತೆ ಕಾಣುತ್ತಿತ್ತು. ಕ್ಯಾಪ್ಟನ್ನರ ಕಣ್ಣು ತುಂಬಿ ಬಂತು. "ನೋಡಿ, ಇವತ್ತಿಗೂ ನನ್ನ ಹುಡುಗರು ಹೇಗೆ ಸನ್ನದ್ಧರಾಗಿ ನಿಂತಿದ್ದಾರೆ! ಇಂಥ ಶಿಸ್ತನ್ನು ನಾನು ಜರ್ಮನ್ನರಲ್ಲೂ ಕಾಣಲಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. "ಶಿಸ್ತಲ್ಲ ಬುದ್ಧೀ. ನೀವು ಬಿಚ್ಚಿಲ್ಲ, ಅದ್ಕೆ ನಿಂತವ್ರೆ. ಬನ್ನಿ, ಬಿಚ್ಚಿ."

ರುದ್ರಸ್ವಾಮಿ ವೇದಿಕೆಯ ಅಂಚಿಗೆ ಬಂದ. "ಕೆಂಪಾಜಿ, ಕೂತ್ಕೊಳಮ್ಮ. ಸಭೆ ಮುಗೀಲಿ, ಆಮೇಲೆ ಮಾತಾಡಿದ್ರಾಯ್ತು."

"ಸಭೆ ಮುಗಿದ್ರೆ ಕಾರು ಹತ್ತುತ್ತಾರೆ. ಇದೇ ಮೈದಾನದಲ್ಲಿ ನಾವು ಒಂದು ಸಲ ಕಾದು ನೋಡಿದ್ದೀವಿ."

ಕ್ಯಾಪ್ಟನ್ನರು ನನ್ನನ್ನು ದಿಟ್ಟಿಸಿ ನೋಡಿದರು. ಮೆತ್ತನೆಯ ದನಿಯಲ್ಲಿ, "ಅದು ಗೌರವ ಕಣಮ್ಮ. ಎಲ್ಲರಿಗೂ ಸಿಗಲ್ಲ" ಎಂದರು.

"ಹಂಗಾದ್ರೆ ನೀವ್ಯಾಕೆ ನಿಮ್ಮದನ್ನ ಬಿಚ್ಚಿಟ್ರಿ?" ಎಂದೆ. "ನಿಮ್ಮ ಮಗನಿಗೆ ಯಾಕೆ ಕಟ್ಲಿಲ್ಲ? ನನ್ನ ಗಂಡ ಒಂದು ದಿನ ಅಂಗಾತ ಮಲಗಿಲ್ಲ. ಹಬ್ಬಕ್ಕೆ ಒಂದು ಎಣ್ಣೆ ಸ್ನಾನ ಇಲ್ಲ. ಪಟ್ಟಿ ಅಡೀಲಿ ಹುಳ ಬಿದ್ದಿತ್ತು ಬುದ್ಧೀ, ಹೋದ ಬೇಸಿಗೇಲಿ. ಕಡ್ಡಿ ತಗೊಂಡು ಒಂದೊಂದೇ ಹೆಕ್ಕಿದ್ದೀನಿ. ಗೌರವ ಅಂತೆ!"

ಕ್ಯಾಪ್ಟನ್ನರು ಶಾಲನ್ನು ಸರಿಸಿ ಕೈಗಳನ್ನು ಹೊರಗೆ ತೆಗೆದರು. ಎರಡೂ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಬೆರಳುಗಳು ಒಳಮುಖವಾಗಿ ಸೊಟ್ಟಗಾಗಿದ್ದವು. "ಈಗ ನನಗೆ ತುತ್ತು ಎತ್ತೋಕೂ ಆಗಲ್ಲ. ಸೊಸೆ ಉಣ್ಣಿಸ್ತಾಳೆ. ಬಕಲ್ಲು ಹೇಗೆ ಬಿಚ್ಚಲಿ? ಬಿಚ್ಚೋಕಾಗಿದ್ರೆ ಬಿಚ್ತಿರಲಿಲ್ವಾ?" ಎಂದರು.

ಹೆಂಗಸರ ಸಾಲಿನಲ್ಲಿ ಯಾರೋ ಅಯ್ಯೋ ಎಂದರು. ಗವಿಯಪ್ಪ ತಲೆ ತಗ್ಗಿಸಿದ. ಇನ್ನೇನು ಎಲ್ಲರೂ ಅವರನ್ನು ಕ್ಷಮಿಸಿಬಿಡುತ್ತಾರೆ ಎಂದು ನನಗೆ ಗೊತ್ತಾಯಿತು. ನಮ್ಮ ಜನಕ್ಕೆ ಕನಿಕರ ಬೇಗ ಬರುತ್ತದೆ, ಅದೂ ದೊಡ್ಡವರ ಮೇಲೆ ಇನ್ನೂ ಬೇಗ ಬರುತ್ತದೆ. ನನಗೆ ಬರಲಿಲ್ಲ. ಆ ಕೈಗಳು ನೆಟ್ಟಗಿದ್ದ ವರ್ಷಗಳೆಲ್ಲ ಎಲ್ಲಿದ್ದವು? ಬಂಗಲೆಯ ಗೇಟಿನಾಚೆಗೆ ನಮ್ಮವರು ನಿಂತಾಗ ನಡುಗುತ್ತಿದ್ದವಾ?

ನಾನು ಮೆಟ್ಟಿಲು ಹತ್ತಿ ವೇದಿಕೆಗೆ ಹೋಗಿ ಅವರ ಮಣಿಕಟ್ಟು ಹಿಡಿದೆ. ರುದ್ರಸ್ವಾಮಿ ಅಡ್ಡ ಬಂದ. ನನ್ನ ಹಿಂದೆಯೇ ಹತ್ತಿಬಂದ ಸಾಲೋಮನ್ನರು ತಮ್ಮ ಊರುಗೋಲನ್ನು ಅವನ ಎದೆಗೆ ಅಡ್ಡ ಇಟ್ಟು, "ಬಿಡಯ್ಯ, ನೋಡಾಣ" ಎಂದರು. ಕ್ಯಾಪ್ಟನ್ನರು ಹಗುರವಾಗಿದ್ದರು. ಕೈಹಿಡಿದು ಇಳಿಸಿಕೊಂಡು ಬಂದು ಗವಿಯಪ್ಪನ ಎದುರು ನಿಲ್ಲಿಸಿದೆ. ಅವರ ಹೆಬ್ಬೆರಳನ್ನೂ ತೋರುಬೆರಳನ್ನೂ ನನ್ನ ಬೆರಳುಗಳಿಂದ ಒತ್ತಿ ಹಿಡಿದು ಬಕಲ್ಲಿನ ಅಂಚಿಗೆ ಕೂರಿಸಿದೆ. ಹೀಗೆ ಮಾಡಿದರೆ ಬಿಚ್ಚುತ್ತದೋ ಇಲ್ಲವೋ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಮಾಡಿ ನೋಡಿರಲಿಲ್ಲ. ತಿರುಗಿಸಿದೆ. ಕೊಕ್ಕೆ ಜಾರಿತು. ಹೆಗಲಪಟ್ಟಿಯ ಕೊಕ್ಕೆಗಳನ್ನೂ ಅವರ ಬೆರಳಿನಿಂದಲೇ ಬಿಡಿಸಿದೆ. ಬೆಲ್ಟು, ಚೀಲ, ಬಾಟ್ಲಿ, ಸಲಿಕೆ ಎಲ್ಲ ಒಟ್ಟಿಗೆ ದಡಾರನೆ ನೆಲಕ್ಕೆ ಬಿತ್ತು.

ಗವಿಯಪ್ಪ ತನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಮುಟ್ಟಿಕೊಂಡ. ಆಮೇಲೆ ಗೊಳೋ ಎಂದು ಅಳಲು ಶುರುಮಾಡಿದ. ದಪ್ಪ ಮೀಸೆಯ ಗಾಣಿಗ, ಮೊಮ್ಮಕ್ಕಳಿದ್ದವನು.

ಆಮೇಲೆ ಸಾಲು ತಾನಾಗಿ ಮುಂದೆ ಸರಿಯಿತು. ನಾನು ಅವರ ಬೆರಳು ಹಿಡಿದು ಒಬ್ಬೊಬ್ಬರದಾಗಿ ಬಿಚ್ಚಿಸುತ್ತಾ ಹೋದೆ. ಕ್ಯಾಪ್ಟನ್ನರು ನೀರು ಕೇಳಿದರು, ಕುಡಿಸಿದೆ. ಕುರ್ಚಿ ಕೇಳಿದರು; ಕುರ್ಚಿ ಹಾಕಿಸಿದೆ. "ಬೆರಳು ನೋಯ್ತಿದೆ, ಉಳಿದದ್ದು ನಾಳೆ ಮಾಡೋಣ ತಾಯಿ" ಎಂದಾಗ ಮಾತ್ರ ನನ್ನ ಹಿಡಿತ ಇನ್ನೂ ಬಿಗಿಯಾಯಿತು. "ನಾಳೆ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರದು" ಎಂದೆ.

ಮಾಯಿಗಯ್ಯ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯಲ್ಲಿ ನಿಂತಿದ್ದ. ಅವನ ಬುದ್ಧಿಯೇ ಹಾಗೆ. ಅವನ ಸರದಿ ಬಂದಾಗ ಕ್ಯಾಪ್ಟನ್ನರಿಗೆ ಕೈಮುಗಿದ. ಕೈ ಮುಗಿಯಬೇಡ ಎಂದು ನಾನು ಗದರಿದೆ. ಹೆಗಲಪಟ್ಟಿಯ ಕೊಕ್ಕೆ ಮಾಂಸದೊಳಗೆ ಕೂತುಬಿಟ್ಟಿತ್ತು. ಬಿಡಿಸುವಾಗ ರಕ್ತ ಬಂತು. ಬೆಲ್ಟು ಬಿದ್ದದ್ದೇ ಅವನು ಮುಂದಕ್ಕೆ ಮುಗ್ಗರಿಸಿದ. ಇಷ್ಟು ವರ್ಷ ಹಿಂದಿನ ಭಾರಕ್ಕೆ ಎದುರಾಗಿ ಬಾಗಿ ನಿಂತ ಮೈ, ಭಾರ ಹೋದ ಮೇಲೆ ನಿಲ್ಲುವುದು ಹೇಗೆಂದು ತಿಳಿಯದೆ ಬಿತ್ತು. ನಾನು ಕ್ಯಾಪ್ಟನ್ನರ ಕೈ ಬಿಟ್ಟು ಅವನನ್ನು ತಬ್ಬಿ ಹಿಡಿದೆ. ನನ್ನ ಎರಡು ಕೈಗಳು ಅವನ ಬೆನ್ನಿನ ಮೇಲೆ ಒಂದಕ್ಕೊಂದು ತಾಗಿದವು. ಅಷ್ಟು ಸಣ್ಣ ಬೆನ್ನು ಅವನದು. ನನಗೆ ಗೊತ್ತೇ ಇರಲಿಲ್ಲ. ಸಂತೋಷವಾಗಬೇಕಿತ್ತು, ಆ ಸಣ್ಣ ಬೆನ್ನಿಗೆ ನನ್ನ ಸಿಟ್ಟು ಇನ್ನಷ್ಟು ಏರಿತು.

"ಆಯ್ತಲ್ಲ ಕೆಂಪೀ, ಮನೆಗೆ ಹೋಗಾಣ" ಎಂದ ನನ್ನ ಕಿವಿಯ ಹತ್ತಿರ.

ಹೋಗುತ್ತಿದ್ದೆನೇನೋ. ಆದರೆ ಖಾಲಿಯಾದ ಸಾಲಿನ ಜಾಗದಲ್ಲಿ ದೊಡ್ಡಮ್ಮಣ್ಣಿ ಬಂದು ನಿಂತಳು. ಮಗ್ಗದ ಬೀದಿಯ ಮುದುಕಿ, ಒಬ್ಬನೇ ಮಗನನ್ನು ದಿಬ್ಬದ ಮೇಲೆ ಕಳೆದುಕೊಂಡವಳು. ಅವಳು ಯಾರ ಕಡೆಗೂ ನೋಡದೆ ಕೇಳಿದಳು. "ನನ್ನ ಮಗಂದು ಯಾರು ಬಿಚ್ತಾರೆ?"

ರುದ್ರಸ್ವಾಮಿ ಹತ್ತಿರ ಬಂದು ಮೆಲ್ಲಗೆ, "ಸತ್ತೋರ್ನ ಮಲಗೋಕೆ ಬಿಡಜ್ಜಿ" ಎಂದ.

"ಎಲ್ಲಿ ಮಲಗವ್ನೆ? ಬೆನ್ನಡಿ ಸಲಿಕೆ ಇಟ್ಕೊಂಡು ಮಲಗಾದು ಹೆಂಗೆ ಅಂತ ಇವ್ರನ್ನ ಕೇಳು" ಎಂದು ಅವಳು ನಮ್ಮ ಗಂಡಸರ ಕಡೆ ಕೈ ತೋರಿಸಿದಳು.

ಮಾಯಿಗಯ್ಯ ನನ್ನ ಕೈ ಅದುಮಿದ. "ಸಾಕು ಬಿಡು. ಬುದ್ಧಿಯೋರು ಮುದುಕರು, ಸತ್ತುಗಿತ್ತು ಹೋದಾರು."

"ನಿನಗೆ ಸಾಕಾಯ್ತು" ಎಂದೆ. "ಅವಳಿಗೆ?"

ಅವನು ದೊಡ್ಡಮ್ಮಣ್ಣಿಯ ಕಡೆ ನೋಡಿದ. ಆಮೇಲೆ ನೆಲಕ್ಕೆ ಬಗ್ಗಿ, ಬಿದ್ದ ಸಾಮಾನಿನ ರಾಶಿಯಿಂದ ಗಿಡ್ಡ ಹಿಡಿಯ ಸಲಿಕೆಯೊಂದನ್ನು ಎಳೆದುಕೊಂಡ. ಸರಿಯಾಗಿ ನಡೆಯಲು ಬಾರದ ಮಗುವಿನ ಹಾಗೆ ತೂರಾಡುತ್ತ ದಿಬ್ಬದ ದಾರಿ ಹಿಡಿದ. ಗವಿಯಪ್ಪ ಇನ್ನೊಂದು ಸಲಿಕೆ ತೆಗೆದುಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ತೆಗೆದುಕೊಂಡರು. ಕ್ಯಾಪ್ಟನ್ನರನ್ನು ಕುರ್ಚಿಯ ಸಮೇತ ಎತ್ತಿದೆವು. "ನನ್ನ ಕಾರು ಎಲ್ಲಿ? ರುದ್ರಸ್ವಾಮೀ!" ಎಂದು ಅವರು ಕೂಗುತ್ತಿದ್ದರು. ರುದ್ರಸ್ವಾಮಿ ಸ್ಮಾರಕದ ಕಲ್ಲಿನ ಪಕ್ಕದಲ್ಲಿ ಹಾರ ಹಿಡಿದುಕೊಂಡು ನಿಂತೇ ಇದ್ದ.

ದಿಬ್ಬದ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಹೂತ ಜಾಗಗಳಿಗೆ ತಾಯಂದಿರು ಸುಣ್ಣ ಬಳಿದ ಕಲ್ಲು ಇಟ್ಟಿದ್ದರು, ಹುಡುಕುವ ಕಷ್ಟವಿರಲಿಲ್ಲ. ಮಣ್ಣು ಗಟ್ಟಿಯಾಗಿತ್ತು. ಯಾವ ಹುಡುಗರೋ ಯಾವ ದೇಶದಲ್ಲೋ ತಮಗೆ ಅಡಗಲು ಗುಂಡಿ ತೋಡಿಕೊಂಡಿದ್ದ ಸಲಿಕೆಗಳಿಂದ ನಮ್ಮವರು ತಮ್ಮ ಗೆಳೆಯರನ್ನು ತೋಡಿ ತೆಗೆದರು. ಮೊದಲ ಗುಂಡಿ ದೊಡ್ಡಮ್ಮಣ್ಣಿಯ ಮಗನದು. ಅಲ್ಲಿ ಮಣ್ಣು ಸರಿಸುತ್ತಿದ್ದ ಗವಿಯಪ್ಪ ನಿಲ್ಲಿಸಿ, ಮೇಲಕ್ಕೆ ಹತ್ತಿಬಂದು ಆ ಕಡೆ ಮುಖ ಮಾಡಿ ನಿಂತ. ಒಳಗೆ ಎಲುಬು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಲ್ಟು ಮಾತ್ರ ಕಪ್ಪಗೆ, ಹೊಚ್ಚ ಹೊಸದರ ಹಾಗೆ ಹೊಳೆಯುತ್ತಿತ್ತು.

ಕ್ಯಾಪ್ಟನ್ನರನ್ನು ಗುಂಡಿಗೆ ಇಳಿಸಿದೆವು. ನಾನೂ ಇಳಿದೆ. ಅವರು ಮಂಡಿಯೂರಿ ಕೂತರು; ಅವರ ಬಿಳಿ ಪಂಚೆಗೆಲ್ಲ ಕೆಮ್ಮಣ್ಣು. ಈಗ ಅವರು ಕೂಗುತ್ತಿರಲಿಲ್ಲ. ಎಲುಬುಗಳನ್ನು ನೋಡಿ, ಮೇಲೆ ನಿಂತಿದ್ದ ದೊಡ್ಡಮ್ಮಣ್ಣಿಯನ್ನು ಕೇಳಿದರು. "ಇವನ ಹೆಸರೇನು, ತಾಯಿ?"

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಟ್ಟೋವಾಗ ಕೇಳ್ಲಿಲ್ಲ. ಈಗ ನಿಮಗ್ಯಾಕೆ? ಬಿಚ್ಚಿ."

ನಾನು ಅವರ ಬೆರಳುಗಳನ್ನು ಹಿಡಿದು ಬಕಲ್ಲಿನ ಮೇಲೆ ಇಟ್ಟೆ. ಅದು ಸುಲಭವಾಗಿ ಬಂತು. ತಡೆಯುವುದಕ್ಕೆ ಒಳಗೆ ಮೈಯೇ ಇರಲಿಲ್ಲ. ದೊಡ್ಡಮ್ಮಣ್ಣಿ ಮೇಲಿನಿಂದ ಕೈಚಾಚಿದಳು. ನಾನು ಬೆಲ್ಟನ್ನು ಎತ್ತಿ ಕೊಡಹೋದೆ. "ಅದು ಬ್ಯಾಡ, ಎಸಿ ಅತ್ಲಾಗೆ" ಎಂದು, ತಾನೂ ಗುಂಡಿಗೆ ಇಳಿದು, ಬಗ್ಗಿ, ಮಗನ ತಲೆಬುರುಡೆಯ ಮೇಲಿನ ಮಣ್ಣನ್ನು ಅಂಗೈಯಲ್ಲಿ ಸವರಿದಳು.

ಕ್ಯಾಪ್ಟನ್ನರು ಅಳುತ್ತಿದ್ದರು. ಅವರು ಮೇಲೇಳಲು ನೋಡಿದರು, ಆಗಲಿಲ್ಲ. ಆಚೆ ಎರಡನೆಯ ಗುಂಡಿಯಲ್ಲಿ ಮಾಯಿಗಯ್ಯನ ಸಲಿಕೆ ಏನಕ್ಕೋ ತಾಗಿ ಸದ್ದಾಯಿತು. ನಾನು ಅವರ ಕೈ ಬಿಡದೆ ಎಬ್ಬಿಸಿ ಅತ್ತ ನಡೆಸಿಕೊಂಡು ಹೋದೆ.